ಬುಜ್ಜಿಯ ಕೊರಳಿನ ನೀಲಿ ಪಟ್ಟಿ

ನಾಯಿ ಹಿಡಿಯುವ ವ್ಯಾನು ಬರುವ ದಿನ ಗೊತ್ತಾದರೆ ಸಾಕು, ನಮ್ಮ ಕಾಲೋನಿಯ ಬೀದಿನಾಯಿಗಳ ಕೊರಳಿಗೆಲ್ಲ ನೀಲಿ ಪಟ್ಟಿ ಬೀಳುತ್ತಿತ್ತು.

ವಿಶಾಖಪಟ್ಟಣದ ಈ ಕಾಲೋನಿಯಲ್ಲಿ ಇರುವವರೆಲ್ಲ ಹೆಚ್ಚಾಗಿ ಕಾರ್ಖಾನೆಯಲ್ಲಿ ದುಡಿದವರು, ದುಡಿಯುತ್ತಿರುವವರು. ಪ್ರತಿ ಮನೆಯ ಬಾಗಿಲ ಹಿಂದೆ ಐಡಿ ಕಾರ್ಡ್ ತೂಗುಹಾಕುವ ಹಳೆಯ ನೀಲಿ ಪಟ್ಟಿಗಳು ಮೊಳೆಗೆ ನೇತಾಡುತ್ತಿರುತ್ತವೆ. ಕೊರಳಲ್ಲಿ ಏನಾದರೂ ಕಟ್ಟಿದ್ದರೆ ಅದು ಸಾಕಿದ ನಾಯಿ ಎಂದು ವ್ಯಾನಿನವರು ಬಿಟ್ಟು ಹೋಗುತ್ತಾರೆ. ಈ ಉಪಾಯ ಮೊದಲು ಯಾರಿಗೆ ಹೊಳೆಯಿತೋ ತಿಳಿಯದು. ಬೆಳಿಗ್ಗೆ ಕಟ್ಟುವುದು, ವ್ಯಾನು ಹೋದ ಮೇಲೆ ಬಿಚ್ಚಿ ಒಗೆದು ಮತ್ತೆ ಮೊಳೆಗೆ ಹಾಕುವುದು. ನಾವು ಇದನ್ನು ಕರುಣೆ ಎಂದುಕೊಂಡಿದ್ದೆವು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ ಚಂದ್ರಹಾಸ ಇದ್ದಾರೆ. ಮದ್ದೂರಿನ ಕಡೆಯವರು, ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರ ಹೆಂಡತಿ ಹೇಮಾಕ್ಷಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮೆಟ್ಟಿಲ ಕೆಳಗೆ ಮಲಗುತ್ತಿದ್ದ ಕಂದು ಬಣ್ಣದ ಹೆಣ್ಣುನಾಯಿಗೆ ಬುಜ್ಜಿ ಎಂದು ಹೆಸರಿಟ್ಟು, ದಿನವೂ ಮೊಸರನ್ನ ಹಾಕುತ್ತಿದ್ದವರು ಹೇಮಾಕ್ಷಿಯೇ. ಅವರನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದಾಗ ಬುಜ್ಜಿ ಮೂರು ದಿನ ಗೇಟಿನ ಬಳಿಯಿಂದ ಏಳಲಿಲ್ಲ.

ಅದುವರೆಗೆ ಅಡುಗೆಮನೆಗೆ ಕಾಲಿಡದಿದ್ದ ಚಂದ್ರಹಾಸ ಆಮೇಲೆ ಅನ್ನ ಮಾಡಲು ಕಲಿತರು. ನಾನೇ ಮೆಟ್ಟಿಲ ಮೇಲೆ ನಿಂತು, ನೀರು ಬೆರಳಿನ ಎಷ್ಟನೇ ಗೆರೆಗೆ ಬರಬೇಕೆಂದು ಹೇಳಿಕೊಟ್ಟಿದ್ದೆ. ನಾಯಿಗೆ ಹಾಕಬೇಕಲ್ಲ ಎಂದು ಮಾಡುತ್ತೇನೆ, ಮಾಡಿದ ಮೇಲೆ ನಾನೂ ಒಂದು ತುತ್ತು ತಿನ್ನುತ್ತೇನೆ ಎಂದು ಒಂದು ದಿನ ಅವರೇ ಹೇಳಿದರು. ಆ ನಾಯಿ ಆ ಮನೆಗೆ ಏನಾಗಿತ್ತೆಂದು ನನಗೆ ಅಂದೇ ಅರ್ಥವಾಯಿತು.

ಆ ವರ್ಷ ಡಿಸೆಂಬರಿನಲ್ಲಿ ನನ್ನ ತಂಗಿಯ ಮೊಮ್ಮಗಳು ಪ್ರತೀಕ್ಷಾ ನಮ್ಮ ಮನೆಗೆ ಬಂದಳು. ಅವಳು ಹುಟ್ಟಿ ಬೆಳೆದದ್ದು ವಿಜಯವಾಡದಲ್ಲಿ. ಗನ್ನವರಂನಲ್ಲಿ ಪಶುವೈದ್ಯಕೀಯ ಓದುತ್ತಿದ್ದಳು. ಅವಳ ತರಗತಿಯ ಕೆಲವರನ್ನು ತರಬೇತಿಗೆಂದು ಇಲ್ಲಿಯ ಒಂದು ಪ್ರಾಣಿ ಆಶ್ರಯಧಾಮಕ್ಕೆ ಕಳಿಸಿದ್ದರು. ಅವಳಿಗೆ ಮನೆಮಾತು ಕನ್ನಡವಾದರೂ ಕೋಪ ಬಂದರೆ, ಅಳು ಬಂದರೆ ತೆಲುಗೇ ಬರುತ್ತದೆ.

ಬೆಳಿಗ್ಗೆ ತಿಂಡಿ ತಿಂದು ಹೋದರೆ ಸಂಜೆ ಫಿನಾಯಿಲ್ ವಾಸನೆ ಹೊತ್ತುಕೊಂಡು ಬರುತ್ತಿದ್ದಳು. ಮೊದಲ ವಾರ ಗೂಡು ತೊಳೆಯುವುದು, ನೀರು ಹೊರುವುದು ಇಷ್ಟೇ ಕೆಲಸವಂತೆ. ಡಾಕ್ಟರಾಗುವವಳು ಗೂಡು ತೊಳೆಯುವುದೇ ಎಂದು ನಾನು ಕೇಳಿದ್ದಕ್ಕೆ, ಗೂಡು ತೊಳೆಯದವರಿಗೆ ನಾಯಿಯ ಭಯ ಗೊತ್ತಾಗುವುದಿಲ್ಲ ಎಂದು ಅವರ ಮೇಡಂ ಹೇಳಿದ್ದನ್ನು ಹೇಳಿದಳು. ಒಮ್ಮೆ ನಾನೂ ಹೋಗಿ ನೋಡಿದೆ. ಗಾಯಗೊಂಡ ಒಂದು ಮರಿಯ ಎದೆ ಪರೀಕ್ಷಿಸುವ ಮೊದಲು ಅವಳು ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ತಿಂಗಳ ಕೊನೆಗೆ ನಮ್ಮ ಕಾಲೋನಿಯಲ್ಲೇ ಶಿಬಿರ ನಿಗದಿಯಾಯಿತು. ಬೀದಿನಾಯಿಗಳನ್ನು ಹಿಡಿದು, ಸಂತಾನ ಆಗದಂತೆ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಗಾಯ ವಾಸಿಯಾದ ಮೇಲೆ ಹಿಡಿದ ಜಾಗಕ್ಕೇ ತಂದು ಬಿಡುವುದು. ಮನೆಮನೆಗೆ ಹೋಗಿ ತಿಳಿಸಿ ಹೇಳುವ ಕೆಲಸ ವಿದ್ಯಾರ್ಥಿಗಳದ್ದು. ಅದೂ ತರಬೇತಿಯ ಭಾಗವೇ. ಶಿಬಿರದ ಹಿಂದಿನ ಸಂಜೆ ಪ್ರತೀಕ್ಷಾ ಚಂದ್ರಹಾಸರ ಮನೆಗೆ ಹೋದಳು. ನಾನೂ ಜೊತೆಗಿದ್ದೆ.

ಅವರು ಅವಳಿಗೆ ಕಾಫಿ ಕೊಟ್ಟರು. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೇಳಿದರು.

"ಎಷ್ಟನೇ ವರ್ಸ ಓದ್ತಿದ್ದೀಯವ್ವ?"

"ನಾಲ್ಕನೇ ವರ್ಷ, ತಾತ."

"ಅಂದ್ರೆ ಇನ್ನೂ ಕಲೀತಾ ಇದ್ದೀಯ. ಕಲಿ, ಬ್ಯಾಡ ಅನ್ನಲ್ಲ. ನಮ್ಮ ಬುಜ್ಜಿ ಮೇಲೆ ಕಲೀಬ್ಯಾಡ."

ಆಪರೇಷನ್ ಮಾಡುವುದು ದೊಡ್ಡ ಡಾಕ್ಟರು, ತಾವು ಪಕ್ಕದಲ್ಲಿ ನಿಂತು ನೋಡುವವರು, ಸಾಮಾನು ಕೊಡುವವರು, ಆಮೇಲೆ ಆರೈಕೆ ಮಾಡುವವರು ಎಂದು ಅವಳು ಹೇಳಿದಳು. ಕಿವಿ ಕತ್ತರಿಸುತ್ತಾರಂತಲ್ಲ ಎಂದು ಅವರು ಕೇಳಿದರು. ನಾಯಿಗೆ ಅರಿವಳಿಕೆ ಕೊಟ್ಟಿರುವಾಗಲೇ ಕಿವಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಮಾಡುತ್ತಾರೆ, ಅದಕ್ಕೆ ಗೊತ್ತೂ ಆಗುವುದಿಲ್ಲ, ಈ ನಾಯಿಗೆ ಎಲ್ಲ ಆಗಿದೆ ಎಂದು ದೂರದಿಂದಲೇ ತಿಳಿಯಲು ಅದೊಂದೇ ಗುರುತು ಎಂದಳು. ಆಪರೇಷನ್ ಬೇಡವಾದರೆ ಲಸಿಕೆಯೊಂದನ್ನಾದರೂ ಹಾಕಿಸಿ ಎಂದು ಕೇಳಿಕೊಂಡಳು.

"ಹೇಮಾಗೂ ಸೂಜಿ ಹಾಕಿದ್ರು," ಎಂದರು ಚಂದ್ರಹಾಸ. "ದಿನಕ್ಕೆ ನಾಕು. ಮನೆಗೆ ಬಂದ್ಲಾ?"

ಪ್ರತೀಕ್ಷಾ ಕಾಫಿ ಲೋಟ ಕೆಳಗಿಟ್ಟು ಎದ್ದಳು. ನಾನೂ ಎದ್ದೆ.

ಮನೆಗೆ ಬಂದ ಮೇಲೆ ನಾನು ಒಂದು ಮಾತು ಆಡಿದೆ. ಆ ಮಾತನ್ನು ಇಲ್ಲಿ ಬರೆಯಲೇಬೇಕು. "ಬಿಟ್ಟುಬಿಡು ಮಗಾ," ಎಂದೆ. "ಅವರಿಗೆ ಇರೋದು ಅದೊಂದೇ. ಅಷ್ಟು ನಾಯಿಗಳಲ್ಲಿ ಒಂದು ಬಿಟ್ಟರೆ ಏನಾಗತ್ತೆ?"

ಮರುದಿನ ಬೆಳಿಗ್ಗೆ ಚಂದ್ರಹಾಸ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವರಾಂಡದ ಕುರ್ಚಿಯಲ್ಲಿ ಕುಳಿತಿದ್ದರು. ಕಾಲ ಬಳಿ ಬುಜ್ಜಿ. ಅದರ ಕೊರಳಲ್ಲಿ ಅವರದೇ ನೀಲಿ ಪಟ್ಟಿ. ನಾನು ಮೇಲಿನ ಬಾಲ್ಕನಿಯಿಂದ ನೋಡುತ್ತಿದ್ದೆ. ಪ್ರತೀಕ್ಷಾ ಕೈಯಲ್ಲಿ ಪುಸ್ತಕ ಹಿಡಿದು ಗೇಟಿನ ಬಳಿ ನಿಂತಳು. ಅದು ಮೆಟ್ಟಿಲ ಕೆಳಗಿನ ನಾಯಿಯೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಬರೀ ಸೂಜಿ ಹಾಕಲೇ ಎಂದು ಮೆಲ್ಲಗೆ ಕೇಳಿದಳು. ಅವರು ಬೇಡವೆಂದು ತಲೆಯಾಡಿಸಿದರು. ಅವಳು ಪುಸ್ತಕದಲ್ಲಿ ಸಾಕಿದ ನಾಯಿ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದಳು.

ಜನವರಿಯಲ್ಲಿ ಒಂದು ಬೆಳಿಗ್ಗೆ, ಪರವಾಡದ ಕಾರ್ಖಾನೆಗಳಿಗೆ ಹೋಗುವ ಕಂಪನಿ ಬಸ್ಸುಗಳು ನಿಲ್ಲುವ ಕಡೆ, ಎಲ್ಲಿಂದಲೋ ಬಂದ ಒಂದು ಬಡಕಲು ನಾಯಿ ಬುಜ್ಜಿಯ ಮೇಲೆ ಬಿದ್ದು ಕೆನ್ನೆಗೆ ಕಚ್ಚಿತು. ಚಂದ್ರಹಾಸ ಅರಿಸಿನ ಹಚ್ಚಿದರು. ವಾರದಲ್ಲಿ ಗಾಯ ಒಣಗಿತು. ನಾವೆಲ್ಲ ಮರೆತೆವು.

ಮಾರ್ಚ್‌ನಲ್ಲಿ ಪ್ರತೀಕ್ಷಾ ಎರಡನೆಯ ಸುತ್ತಿನ ತರಬೇತಿಗೆ ಮತ್ತೆ ನಮ್ಮಲ್ಲಿಗೆ ಬಂದಳು. ಅವಳು ಬಂದು ನಾಲ್ಕು ದಿನವಾಗಿರಬಹುದು. ಬುಜ್ಜಿ ಮೊಸರನ್ನ ಮೂಸಿ ಬಿಟ್ಟಿತಂತೆ. ಮರುದಿನ ಅದರ ದನಿ ಬದಲಾಯಿತು, ಬೊಗಳಿದರೆ ಯಾರೋ ದೂರದಲ್ಲಿ ಗೋಳಿಟ್ಟಂತೆ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ದವಡೆ ಜೋತುಬಿದ್ದು ಜೊಲ್ಲು ಸುರಿಯತೊಡಗಿತು. ನೀರಿನ ಬಟ್ಟಲ ಮುಂದೆ ನಿಲ್ಲುವುದು, ಕುಡಿಯಲಾರದೆ ಹಿಂದೆ ಸರಿಯುವುದು. ಪಕ್ಕದ ಮನೆಯ ಸೂರ್ಯಕಾಂತಮ್ಮ ಅದರ ಬಾಯಿ ಒರೆಸಿ ನೋಡಿ, ಗಂಟಲಿಗೆ ಮೂಳೆ ಸಿಕ್ಕಿಕೊಂಡಿದೆ ಎಂದರು. ನೋಡಿದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು. ಚಂದ್ರಹಾಸ ವರಾಂಡದಲ್ಲಿ ಕುಳಿತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯೊಳಗೆ ಕೈ ಹಾಕಿ ಮೂಳೆ ಹುಡುಕತೊಡಗಿದರು.

ಪ್ರತೀಕ್ಷಾ ಅದೇ ಹೊತ್ತಿಗೆ ಗೇಟು ತೆರೆದಳು. ಬಾಗಿಲ ಬಳಿಯೇ ನಿಂತುಬಿಟ್ಟಳು. ಅವಳ ಮುಖ ನಾನು ಮರೆಯಲಾರೆ.

"ತಾತಗಾರು, ಕೈ ತೆಗೀರಿ. ನಿಧಾನಕ್ಕೆ ತೆಗೀರಿ."

"ಮೂಳೆ ಕಣವ್ವ. ಇನ್ನೇನು ಸಿಕ್ತದೆ."

"ಎಮುಕ ಕಾದು ತಾತ. ಮೂಳೆ ಅಲ್ಲ ಅದು."

ಅವರು ಕೈ ತೆಗೆದರು. ಮೊಣಕೈವರೆಗೆ ಜೊಲ್ಲು. ಹೆಬ್ಬೆರಳಲ್ಲಿ ಹಿಂದಿನ ದಿನ ಹುರುಳಿಕಾಯಿ ಹೆಚ್ಚುವಾಗ ಆದ ಗಾಯ. ಅವಳು ಅದನ್ನು ನೋಡಿದಳು. ನಾಯಿಯನ್ನು ವರಾಂಡದಲ್ಲೇ ಬಿಟ್ಟು ಗ್ರಿಲ್ಲು ಎಳೆದುಕೊಂಡು, ಯಾರೂ ಹತ್ತಿರ ಹೋಗಬಾರದೆಂದು ಹೇಳಿ, ಆಶ್ರಯಧಾಮಕ್ಕೆ ಫೋನ್ ಮಾಡಿದಳು. ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡು ಅವರನ್ನು ನಲ್ಲಿಯ ಬಳಿಗೆ ಕರೆದೊಯ್ದಳು. ನನಗೆ ಸೋಪು ತರಲು ಹೇಳಿದಳು.

ನಲ್ಲಿಯ ಬಳಿ ಸವೆದ ಚೂರು ಮಾತ್ರವಿತ್ತು. ನಾನು ಒಳಗೆ ಹೋಗಿ ಬೀರು ತೆಗೆದೆ. ಹೇಮಾಕ್ಷಿ ಊರಿಂದ ತಂದು ಸೀರೆಗಳ ನಡುವೆ ಇಟ್ಟಿದ್ದ ಗಂಧದ ಸೋಪು ಕಾಗದ ಬಿಚ್ಚದೆ ಹಾಗೆಯೇ ಇತ್ತು. ಎರಡು ವರ್ಷದಿಂದ ಅವರು ಅದನ್ನು ಮುಟ್ಟಿರಲಿಲ್ಲ. ನಾನು ಕಾಗದ ಹರಿದೆ. ಅವರು ನೋಡುತ್ತಿದ್ದರು.

ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡೇ ತೊಳೆದಳು. ಹರಿಯುವ ನೀರಿನಲ್ಲಿ, ನೊರೆ ಹಚ್ಚಿ, ಮತ್ತೆ ತೊಳೆದು, ಮತ್ತೆ ಹಚ್ಚಿ. ನಡುವೆ ಅವರು ಕೈ ಎಳೆದುಕೊಂಡರೂ ಬಿಡಲಿಲ್ಲ. ಅಷ್ಟು ಹೊತ್ತೂ ಆ ಮನೆಯಲ್ಲೆಲ್ಲ ಹೇಮಾಕ್ಷಿ ಇದ್ದಾಗಿನ ವಾಸನೆಯೇ ತುಂಬಿತ್ತು.

ತೊಳೆಯುತ್ತಲೇ ಅವಳು ಹೇಳಬೇಕಾದ್ದನ್ನು ಹೇಳಿದಳು. ಇದು ರೇಬೀಸ್ ಇರಬಹುದು. ನಾಯಿ ಕಚ್ಚಲೇಬೇಕೆಂದಿಲ್ಲ, ಗಾಯಕ್ಕೆ ಜೊಲ್ಲು ತಾಗಿದರೂ ರೋಗ ಬರುತ್ತದೆ. ಕಾಣಿಸಿಕೊಂಡ ಮೇಲೆ ನಾಯಿಗೂ ಮನುಷ್ಯರಿಗೂ ಔಷಧಿ ಇಲ್ಲ. ಕಾಣಿಸಿಕೊಳ್ಳುವ ಮೊದಲು ಇದೆ. ಈಗಲೇ ಆಸ್ಪತ್ರೆಗೆ ಹೋಗಬೇಕು.

ಚಂದ್ರಹಾಸ ಕೈ ಒರೆಸಿಕೊಂಡು ಮಂಚದ ಮೇಲೆ ಕುಳಿತರು. ಗ್ರಿಲ್ಲಿನಾಚೆ ಬುಜ್ಜಿ ಗೋಡೆಗೆ ಮುಖಮಾಡಿ ನಿಂತಿತ್ತು.

"ಅವ್ಳು ಹೋದ್ಲು," ಎಂದರು. "ಇದೂ ಹೋಗ್ತದೆ ಅಂತೀಯ. ನಂಗೆ ಎಪ್ಪತ್ತೊಂದು. ನಂಗ್ಯಾಕವ್ವ ಸೂಜಿ? ನೀನು ಹೋಗು."

ನಾನು ಏನೋ ಹೇಳಲು ಹೋದೆ. ಪ್ರತೀಕ್ಷಾ ನನ್ನನ್ನು ತಡೆದು, ಅವರ ಎದುರು ನೆಲದ ಮೇಲೆ ಕುಳಿತಳು.

"ತಾತ, ಡಿಸೆಂಬರಲ್ಲಿ ನಾನು ನಿಮ್ಮ ಗೇಟ್ ಹತ್ರ ನಿಂತಿದ್ದೆ. ಬುಜ್ಜಿ ಬೀದಿನಾಯಿ ಅಂತ ಗೊತ್ತಿತ್ತು. ಸೂಜಿ ನನ್ನ ಬಾಕ್ಸಲ್ಲೇ ಇತ್ತು. ನೀವು ಬ್ಯಾಡ ಅಂದ್ರಿ, ನಾನು ಹೋಗ್ಬಿಟ್ಟೆ. ಇವತ್ತೂ ಹೋಗು ಅಂತಿದೀರ. ಎರಡು ಸಲ ಹೋಗೋಕೆ ನನ್ನ ಕೈಲಿ ಆಗಲ್ಲ."

ಅವರು ಅವಳ ಒದ್ದೆ ತೋಳುಗಳನ್ನೇ ನೋಡಿದರು. ಅಂದು ಅವಳು ಗೇಟಿನಿಂದ ಹೊರಟುಹೋದದ್ದು ನನ್ನ ಮಾತಿನಿಂದ, ಬಿಟ್ಟುಬಿಡು ಎಂದವಳು ನಾನು ಎಂದು ಆಗ ಹೇಳಿಕೊಂಡೆ. ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಎದ್ದು ಚಪ್ಪಲಿ ಹುಡುಕಿದರು.

"ನಿನ್ನ ತಪ್ಪಲ್ಲ ಕಣವ್ವ," ಎಂದರು. "ಪಟ್ಟಿ ಕಟ್ಟಿದೋನು ನಾನು. ನಡಿ."

ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಸುತ್ತ ಒಂದು ಔಷಧಿ ಚುಚ್ಚಿದರು, ತೋಳಿಗೆ ಲಸಿಕೆ ಹಾಕಿದರು. ಇನ್ನು ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ, ಒಂದೂ ತಪ್ಪಿಸಬಾರದು ಎಂದರು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ನಾವು ಹೆದರುತ್ತಿದ್ದ ಕಾಲ ಎಂದೋ ಮುಗಿದಿದೆಯಂತೆ. ಬುಜ್ಜಿಯ ಬಾಯಿ ಒರೆಸಿದ್ದ ಸೂರ್ಯಕಾಂತಮ್ಮನನ್ನೂ ಪ್ರತೀಕ್ಷಾ ಕರೆತಂದಿದ್ದಳು. ಅವರಿಗೂ ಲಸಿಕೆ ಆಯಿತು. ನಿನಗೆ ಭಯವಿಲ್ಲವೇ ಎಂದು ಅವರು ಅವಳನ್ನು ಕೇಳಿದರು. ಪ್ರಾಣಿಗಳ ಕೆಲಸಕ್ಕೆ ಇಳಿಯುವ ಮೊದಲೇ ತಮಗೆಲ್ಲ ಲಸಿಕೆ ಆಗಿರುತ್ತದೆ, ಅದಾದ ಮೇಲೂ ಭಯವಿರಬೇಕು ಎಂದಳು.

ನಾವು ಮನೆಗೆ ಬರುವಷ್ಟರಲ್ಲಿ ಆಶ್ರಯಧಾಮದವರು ಬುಜ್ಜಿಯನ್ನು ಕರೆದೊಯ್ದಿದ್ದರು.

ಮರುದಿನ ಚಂದ್ರಹಾಸ ನೋಡಬೇಕೆಂದರು. ದೂರದಲ್ಲಿ ನಿಂತು ನೋಡಲು ಬಿಟ್ಟರು. ಬೇರೆ ನಾಯಿಗಳಿಂದ ದೂರ, ಮೂಲೆಯ ಒಂದು ಕೋಣೆಯಲ್ಲಿ ಇಟ್ಟಿದ್ದರು. ಈ ರೋಗದಲ್ಲಿ ಬೆಳಕು ಕಂಡರೂ ಸದ್ದು ಕೇಳಿದರೂ ನಾಯಿಗೆ ಹಿಂಸೆಯಾಗುತ್ತದೆಯಂತೆ. ಕಿಟಕಿಗೆ ಗೋಣಿತಾಟು ಕಟ್ಟಿದ್ದರು. ಆ ಓಣಿಯಲ್ಲಿ ಬಕೆಟ್ ಇಡುವಾಗ ಸದ್ದಾಗದಿರಲೆಂದು ವಿದ್ಯಾರ್ಥಿಗಳು ನೆಲಕ್ಕೆ ಹಳೆಯ ಚೀಲ ಹಾಸಿದ್ದರು. ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ವಾಸಿಯಾಗದ ಒಂದು ಬೀದಿನಾಯಿಗಾಗಿ ಇಪ್ಪತ್ತರ ವಯಸ್ಸಿನ ಮಕ್ಕಳು ಹೀಗೆ ದನಿ ತಗ್ಗಿಸಿ ಓಡಾಡುವುದನ್ನು ನೋಡಿ ಚಂದ್ರಹಾಸ ಕನ್ನಡಕ ತೆಗೆದು ಒರೆಸಿಕೊಂಡರು. "ಇವ್ರ ಕೈಗೆ ಕೊಡಾಕೆ ಹೆದರಿದ್ನಲ್ಲ, ವೇದಕ್ಕ," ಎಂದು ನನ್ನ ಕಡೆ ತಿರುಗಿ ಹೇಳಿದರು.

ಕೊರಳಿನ ಪಟ್ಟಿ ಸಿಗುವುದೇ ಎಂದು ಕೇಳಿದರು. ಜನವರಿಯ ಜಗಳದ ನಂತರ ಇನ್ನೊಮ್ಮೆ ಅದನ್ನು ಕಟ್ಟಿ, ಬಿಚ್ಚುವುದನ್ನು ಮರೆತಿದ್ದರಂತೆ. ಅದಕ್ಕೆ ಜೊಲ್ಲು ತಾಗಿದೆ, ಕೊಡುವ ಹಾಗಿಲ್ಲ, ಸುಡಬೇಕು ಎಂದು ಪ್ರತೀಕ್ಷಾ ಹೇಳಿದಳು.

ಮೂರನೆಯ ದಿನ ಬೆಳಿಗ್ಗೆ ಅವಳ ಫೋನ್ ಬಂತು. ಕನ್ನಡ ಬರಲಿಲ್ಲ ಅವಳಿಗೆ. "ಬುಜ್ಜಿ ಪೋಯಿಂದಿ, ಅಜ್ಜಿ," ಬುಜ್ಜಿ ಹೋಯಿತು ಎಂದಷ್ಟೇ ಹೇಳಿದಳು.

ನಾನು ಕೆಳಗೆ ಹೋದೆ. ಚಂದ್ರಹಾಸ ಕುಕ್ಕರ್ ಇಳಿಸುತ್ತಿದ್ದರು. ನನ್ನ ಮುಖ ನೋಡಿಯೇ ತಿಳಿದುಕೊಂಡರು. ಕೈ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಅಕ್ಕಿ ಹಾಕಿತ್ತು. ಆ ಅನ್ನವನ್ನು ನೋಡುತ್ತಾ ನಿಂತರು. ಅಷ್ಟರಲ್ಲಿ ಸೂರ್ಯಕಾಂತಮ್ಮ ತಟ್ಟೆ ಹಿಡಿದುಕೊಂಡು ಬಂದರು. ಇವತ್ತು ತಮ್ಮ ಮನೆಯಲ್ಲಿ ಅಡುಗೆಯಾಗಿಲ್ಲ, ಸ್ವಲ್ಪ ಮೊಸರನ್ನ ಕೊಡಿ ಎಂದು ಕೇಳಿದರು. ಅವರ ಮನೆಯ ಬೇಳೆಗೆ ಒಗ್ಗರಣೆ ಹಾಕಿದ ವಾಸನೆ ಆಗತಾನೇ ಮೆಟ್ಟಿಲ ಮೇಲೆ ನನಗೆ ಬಂದಿತ್ತು. ಆದರೂ ಅವರು ನೆಲದ ಮೇಲೆ ಕುಳಿತು ಅಷ್ಟನ್ನೂ ತಿಂದರು. ಅತಿಥಿ ಉಣ್ಣುವಾಗ ಮನೆಯವರು ಸುಮ್ಮನೆ ಕೂರುವಂತಿಲ್ಲವಲ್ಲ. ಚಂದ್ರಹಾಸರೂ ಉಂಡರು. ಆಮೇಲೆ ನಾವು ಎರಡನೆಯ ಲಸಿಕೆಗೆ ಹೋದೆವು.

ಬುಜ್ಜಿಗೆ ರೇಬೀಸ್ ಆಗಿತ್ತೆಂದು ಪರೀಕ್ಷೆಯಲ್ಲಿ ಖಚಿತವಾಯಿತು. ಚಂದ್ರಹಾಸ ನಾಲ್ಕೂ ಲಸಿಕೆ ಹಾಕಿಸಿಕೊಂಡರು. ಇಂದಿಗೂ ಚೆನ್ನಾಗಿದ್ದಾರೆ.

ಮುಂದಿನ ಡಿಸೆಂಬರಿನಲ್ಲಿ ಪ್ರತೀಕ್ಷಾ ವಿಜಯವಾಡದಲ್ಲಿ ಕೆಲಸ ಕಲಿಯುತ್ತಿದ್ದಳು. ಅಲ್ಲಿ ಕಾಲುವೆಯ ಪಕ್ಕದ ಒಂದು ಬಡಾವಣೆಯಲ್ಲಿ ಶಿಬಿರವಿತ್ತು. ನನ್ನನ್ನೂ ಚಂದ್ರಹಾಸರನ್ನೂ ಕರೆದಿದ್ದಳು. ರೈಲಿನಲ್ಲಿ ಹೋದೆವು. ಅವಳ ಕಿರಿಯ ತರಗತಿಯ ಮಕ್ಕಳು ಒಂದು ಶಾಲೆಯ ಜಗಲಿಯಲ್ಲಿ ಸೇರಿದ್ದರು. ಮನೆಮನೆಗೆ ಹೊರಡುವ ಮೊದಲು ಒಂದೆರಡು ಮಾತು ಹೇಳಿ ಎಂದು ಅವರ ಮೇಡಂ ಚಂದ್ರಹಾಸರನ್ನು ಕೇಳಿಕೊಂಡರು. ನಲವತ್ತು ವರ್ಷ ಇಲ್ಲಿದ್ದರೂ ಅವರ ತೆಲುಗಿನಲ್ಲಿ ಮದ್ದೂರು ಹೋಗಿಲ್ಲ. ಮಕ್ಕಳು ಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಅವರು ಬುಜ್ಜಿಯ ಕಥೆ ಹೇಳಿದರು. ಪಟ್ಟಿಯ ವಿಷಯವನ್ನು ಮುಚ್ಚಿಡಲಿಲ್ಲ. ಕೊನೆಗೆ ಹೇಳಿದ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಔಷಧಿ ಹೆಂಗೆ ಕೊಡಬೇಕು ಅಂತ ನಿಮ್ಮ ಮೇಷ್ಟ್ರು ಕಲಿಸ್ತಾರೆ. ನಾನು ಒಂದೇ ಕಲಿಸ್ತೀನಿ. ನನ್ನಂಥ ಮುದುಕ ಬ್ಯಾಡ ಅಂತ ಬಾಗಿಲು ಹಾಕ್ಕೊಂಡ್ರೆ, ಬೇಜಾರು ಮಾಡ್ಕೊಂಡು ಹೋಗ್ಬ್ಯಾಡಿ. ಅಲ್ಲೇ ನಿಂತು ಇನ್ನೊಂದು ಸಲ ಬಡೀರಿ."

ಹಿಂದಿನ ಸಾಲಿನಲ್ಲಿ ನಿಂತಿದ್ದ ಪ್ರತೀಕ್ಷಾ ತಲೆ ಬಗ್ಗಿಸಿದಳು.

ನಮ್ಮ ಕಾಲೋನಿಯಲ್ಲಿ ಈಗ ವ್ಯಾನು ಬರುವ ದಿನ ಪಟ್ಟಿಗಳು ಮೊಳೆಯ ಮೇಲೇ ಇರುತ್ತವೆ. ಚಂದ್ರಹಾಸರೇ ಪ್ರತಿ ಮನೆಗೆ ಹೋಗಿ ಹೇಳಿ ಬರುತ್ತಾರೆ. ಕಚ್ಚು ಕಿವಿಯ ನಾಯಿಗಳು ನೆರಳಿನಲ್ಲಿ ನೆಮ್ಮದಿಯಾಗಿ ಮಲಗಿರುತ್ತವೆ. ಆದರೆ ಅವರ ಮೆಟ್ಟಿಲ ಕೆಳಗೆ ಬುಜ್ಜಿಯ ಸ್ಟೀಲು ಬಟ್ಟಲು ಇನ್ನೂ ಕವುಚಿಯೇ ಇದೆ. ಬೇರೆ ನಾಯಿಗೆ ಅದರಲ್ಲಿ ಅನ್ನ ಹಾಕಲು ಅವರಿಗೆ ಇನ್ನೂ ಮನಸ್ಸು ಬಂದಿಲ್ಲ.

ಓದುತ್ತಿರುವ ನಿಮಗೆ ಈ ಮುದುಕಿಯದು ಒಂದು ಕೋರಿಕೆ. ನಿಮ್ಮ ಬೀದಿಯ ನಾಯಿಗೆ ನೀವು ಅನ್ನ ಹಾಕುತ್ತಿದ್ದರೆ ಅದಕ್ಕೆ ಪ್ರತಿ ವರ್ಷ ರೇಬೀಸ್ ಲಸಿಕೆಯನ್ನೂ ಹಾಕಿಸಿ. ಜೊಲ್ಲು ಸುರಿಸುವ, ನುಂಗಲಾರದ ನಾಯಿಯ ಬಾಯಿಗೆ ಎಷ್ಟೇ ಪ್ರೀತಿಯಿದ್ದರೂ ಕೈ ಹಾಕಬೇಡಿ. ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ, ಅರಿಸಿನ ಸುಣ್ಣ ಏನೂ ಹಚ್ಚದೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬೇಡಿ.

ಇನ್ನು, ಕೈಯಲ್ಲಿ ಪುಸ್ತಕ ಹಿಡಿದು, ಸಂಕೋಚದಿಂದ ನಿಮ್ಮ ಗೇಟಿನ ಬಳಿ ನಿಲ್ಲುವ ಆ ವಿದ್ಯಾರ್ಥಿಗಳು. ಅವರು ಕಲಿಯುತ್ತಿರುವವರು, ನಿಜ. ಆದರೆ ಅವರ ಹಿಂದೆ ಕಲಿತವರಿದ್ದಾರೆ. ಅವರು ನಿಮ್ಮ ಬಾಗಿಲಿಗೆ ಬಂದರೆ ನಾಯಿಯನ್ನು ಬಚ್ಚಿಡಬೇಡಿ. ಎರಡನೆಯ ಸಲ ಬಡಿಯುವವರೆಗೆ ಅವರನ್ನು ಕಾಯಿಸಬೇಡಿ.